ಮಾಳಮಡ್ಡಿಯ ನಮ್ಮ ಗ್ಯಾಲರಿಗೆ ಕಲಾಕೃತಿ ವಿಮೆ: ಕ್ಲೇಮ್ ಮುಗಿದ ಮೇಲೆ ಬರೆದ ವಿಮರ್ಶೆ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದೊಂದು ಸಣ್ಣ ಗ್ಯಾಲರಿ ಇದೆ. ಹಳೇ ಹಂಚಿನ ಮನೆ, ಒಂದು ಪಡಸಾಲೆ, ಎರಡು ಕೋಣೆ. ಗೋಡೆ ಮೇಲಿರುವ ಹೆಚ್ಚಿನ ಚಿತ್ರಗಳು ನಮ್ಮ ಮಾವನವರು ಬರೆದವು. ಅವರು ಡ್ರಾಯಿಂಗ್ ಮಾಸ್ತರರಾಗಿದ್ದರು, ಡಿ.ವಿ. ಹಾಲಭಾವಿಯವರು ಕಟ್ಟಿದ ಚಿತ್ರಕಲಾ ಶಾಲೆಯಲ್ಲಿ ಕಲಿತವರು. ಇವುಗಳ ಜೊತೆ ಗದಗ, ಹಾವೇರಿ ಕಡೆಯ ಕಲಾವಿದರು ಮಾರಾಟಕ್ಕೆ ಕೊಟ್ಟ ಚಿತ್ರಗಳಿವೆ. ಒಂದು ಕಪಾಟು ತುಂಬ ಕಸೂತಿ ಸೀರೆಗಳಿವೆ. ಕಲಘಟಗಿಯ ಬಣ್ಣದ ತೊಟ್ಟಿಲು ಒಂದಿದೆ.

ಇಷ್ಟಕ್ಕೂ ಸೇರಿಸಿ ಫೈನ್ ಆರ್ಟ್ ಪಾಲಿಸಿ ಮಾಡಿಸಿದ್ದೇವೆ. ಹುಬ್ಬಳ್ಳಿಯ ಒಬ್ಬ ಬ್ರೋಕರ್ ಮಾಡಿಸಿಕೊಟ್ಟರು, ಕಂಪನಿ ಖಾಸಗಿ. ಕಳೆದ ಮಳೆಗಾಲದಲ್ಲಿ ಒಂದು ಕ್ಲೇಮ್ ಹಾಕಬೇಕಾಯಿತು, ಎಳೆದಾಡಿದ ಮೇಲೆ ದುಡ್ಡೂ ಬಂತು. ನಮ್ಮ ಕಡೆ ಸಣ್ಣ ಗ್ಯಾಲರಿ, ಸಂಗ್ರಹಾಲಯ ನಡೆಸುವವರು ಸಿಕ್ಕಾಗೆಲ್ಲ ಇದರ ಬಗ್ಗೆ ಕೇಳುತ್ತಾರೆ. ಅದಕ್ಕೇ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ. ಪಾಲಿಸಿಗೆ ನನ್ನ ಅಂಕ ಐದಕ್ಕೆ ನಾಲ್ಕು. ಕಂಪನಿಯ ಕ್ಲೇಮ್ ವಿಭಾಗಕ್ಕೆ ಎರಡೂವರೆ. ಬ್ರೋಕರ್‌ಗೆ ಐದಕ್ಕೆ ಐದು.

ಮೊದಲು ನಮ್ಮಲ್ಲಿಗೆ ಬಂದವರು ಪರಿಚಯದ ಒಬ್ಬ ಏಜೆಂಟ್. "ಅಂಗಡಿ ಪಾಲಿಸಿ ಮಾಡ್ಸಿಬಿಡ್ರಿ ಅಕ್ಕಾರ, ಬೆಂಕಿ, ಕಳವು ಎಲ್ಲಾ ಅದರಾಗ ಬರ್ತೈತಿ" ಅಂದರು. ನಾನು ಷರತ್ತಿನ ಪ್ರತಿ ಕೊಡ್ರಿ ಅಂದೆ. ಅದರ ಬೆಂಕಿ ವಿಮೆಯ ಷರತ್ತುಗಳಲ್ಲಿ ಒಂದು ಸಾಲು ಇತ್ತು. 10,000 ರೂಪಾಯಿಗಿಂತ ಹೆಚ್ಚು ಬೆಲೆಯ ಕಲಾಕೃತಿ, ಅಪರೂಪದ ವಸ್ತು, ಹಾಗೇ ಹಸ್ತಪ್ರತಿ, ನಕ್ಷೆ ಇವೆಲ್ಲ ಪಾಲಿಸಿಯಲ್ಲಿ ಬಿಡಿಸಿ ಬರೆಸಿದ್ದರೆ ಮಾತ್ರ ಸೇರುತ್ತವೆ, ಇಲ್ಲದಿದ್ದರೆ ಇಲ್ಲ. ಅಂದರೆ ಗ್ಯಾಲರಿಗೆ ಬೆಂಕಿ ಬಿದ್ದರೆ ಕುರ್ಚಿ, ಫ್ಯಾನು, ಲೈಟಿಗೆ ಪರಿಹಾರ ಸಿಗುತ್ತದೆ. ಯಾವುದಕ್ಕಾಗಿ ಗ್ಯಾಲರಿ ನಡೆಸುತ್ತೇವೋ ಅದಕ್ಕೇ ಸಿಗುವುದಿಲ್ಲ. ಈಗಾಗಲೇ ಅಂಗಡಿ ಪಾಲಿಸಿ ಇಟ್ಟುಕೊಂಡು ನಿಶ್ಚಿಂತೆಯಿಂದ ಇರುವವರು ಇವತ್ತೇ ಆ ಕಾಗದ ತೆಗೆದು ಈ ಸಾಲು ಹುಡುಕಿ.

ಫೈನ್ ಆರ್ಟ್ ಪಾಲಿಸಿಯ ದಾರಿ ಬೇರೆ. ಇಲ್ಲಿ ಯಾವ್ಯಾವ ಅಪಾಯಕ್ಕೆ ಪರಿಹಾರ ಅಂತ ಪಟ್ಟಿ ಇರುವುದಿಲ್ಲ. ಯಾವುದಕ್ಕೆ ಇಲ್ಲ ಅನ್ನುವ ಪಟ್ಟಿ ಇರುತ್ತದೆ, ಉಳಿದ ಆಕಸ್ಮಿಕ ಹಾನಿ ಎಲ್ಲ ಒಳಗೆ. ನೋಡಲು ಬಂದ ಹುಡುಗನ ಬ್ಯಾಗು ತಗುಲಿ ಚಿತ್ರ ಬಿದ್ದರೂ ಬರುತ್ತದೆ. ನಮ್ಮದರಲ್ಲಿ ಸಾಗಣೆಯೂ ಸೇರಿದೆ. ಈ ವ್ಯವಹಾರದವರು ಇದನ್ನು ನೇಲ್ ಟು ನೇಲ್ ಅನ್ನುತ್ತಾರೆ. ನಮ್ಮ ಗೋಡೆಯ ಮೊಳೆಯಿಂದ ಚಿತ್ರ ಇಳಿಸಿದ ಗಳಿಗೆಯಿಂದ ಪ್ಯಾಕಿಂಗ್, ಗಾಡಿ, ಬೇರೆ ಊರಿನ ಪ್ರದರ್ಶನ, ವಾಪಸ್ ಬಂದು ಅದೇ ಮೊಳೆಗೆ ತೂಗುಹಾಕುವವರೆಗೆ ಎಲ್ಲವೂ ಒಂದೇ ರಕ್ಷಣೆಯಲ್ಲಿ. ಚಿತ್ರಗಳಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ದಾರಿಯಲ್ಲೇ ಅಲ್ವಾ? ಹಾಗಾಗಿ ಪ್ರೀಮಿಯಂ ಉಳಿಸಲು ಸಾಗಣೆಯನ್ನು ಮಾತ್ರ ಕೈಬಿಡಬೇಡಿ.

ಆದರೆ ನಾನು ಈ ಪಾಲಿಸಿಗೆ ನಾಲ್ಕು ಅಂಕ ಕೊಟ್ಟದ್ದು ಬೇರೆ ಕಾರಣಕ್ಕೆ. ಒಪ್ಪಿತ ಮೌಲ್ಯ. ಪ್ರತಿ ಕೃತಿಯ ಬೆಲೆ ಎಷ್ಟು ಅಂತ ನಾವೂ ಕಂಪನಿಯವರೂ ಮೊದಲೇ ಕೂತು ಒಪ್ಪಿ, ಪಾಲಿಸಿಗೆ ಅಂಟಿಸಿದ ಪಟ್ಟಿಯಲ್ಲಿ ಬರೆದಿಡುತ್ತೇವೆ. ಹಾನಿಯಾದ ಮೇಲೆ ಬೆಲೆಯ ಜಗಳ ಇರುವುದಿಲ್ಲ. ಇದಿಲ್ಲದೆ ಮಾರುಕಟ್ಟೆ ಬೆಲೆ ಆಧಾರದ ಪಾಲಿಸಿ ತಗೊಂಡರೆ, ಚಿತ್ರ ಹರಿದು ಕೂತಿರುವಾಗ ಅದರ ಬೆಲೆ ಸಾಬೀತು ಮಾಡುವ ಹೊರೆ ನಮ್ಮ ತಲೆ ಮೇಲೆ ಬೀಳುತ್ತದೆ.

ನಮ್ಮ ಭಾಗದ ಕಲಾವಿದರಿಗೆ ಇದು ಇನ್ನೂ ಮುಖ್ಯ. ರವಿವರ್ಮನ ಚಿತ್ರಕ್ಕೆ ಹರಾಜಿನ ದಾಖಲೆ ಸಿಗುತ್ತದೆ. ಧಾರವಾಡದ ಒಬ್ಬ ಡ್ರಾಯಿಂಗ್ ಮಾಸ್ತರರ ಚಿತ್ರಕ್ಕೆ ಎಲ್ಲಿಂದ ತರುವುದು? ಅವರು ಹರಾಜಿಗೆ ಯಾವತ್ತೂ ಹೋದವರಲ್ಲ. ಚಿತ್ರ ಕೇಳಿದವರಿಗೆ ಎಷ್ಟೋ ಸಲ ಸುಮ್ನೆ ಕೊಟ್ಟವರು. ಬೆಂಗಳೂರಿನಿಂದ ಬಂದ ಮೌಲ್ಯಮಾಪಕರು ಮೊದಲ ದಿನ ಇದನ್ನೇ ಕೇಳಿದರು. ನಾವು ಹಳೇ ಪ್ರದರ್ಶನಗಳ ಮಾರಾಟದ ರಸೀದಿ ಹುಡುಕಿದೆವು. ಮಾವನವರ ಚಿತ್ರ ಕೊಂಡಿದ್ದ ಹುಬ್ಬಳ್ಳಿಯ ಒಂದು ಮನೆತನದವರಿಂದ ಕಾಗದ ತಂದೆವು. ಅದೇ ಕಾಲದ, ಅದೇ ಅಳತೆಯ ಬೇರೆ ಉತ್ತರ ಕರ್ನಾಟಕದ ಕಲಾವಿದರ ಚಿತ್ರಗಳು ಎಷ್ಟಕ್ಕೆ ಹೋಗಿವೆ ಅಂತ ಮೌಲ್ಯಮಾಪಕರು ತಮ್ಮ ಕಡೆಯಿಂದ ಸೇರಿಸಿದರು. ಹೀಗೆ ಒಂದೊಂದಕ್ಕೂ ಬೆಲೆ ನಿಂತಿತು. ಒಟ್ಟು 40 ಲಕ್ಷ. ಮಾವನವರ ಚಿತ್ರಗಳಿಗೆಲ್ಲ ಒಂದೊಂದಾಗಿ ಯಾರಾದರೂ ಕಾಗದದ ಮೇಲೆ ಬೆಲೆ ಬರೆದದ್ದು ಅದೇ ಮೊದಲು. ಅತ್ತೆಯವರು ಆ ಪಟ್ಟಿಯನ್ನು ದೇವರ ಕೋಣೆಗೆ ಒಯ್ದು ಇಟ್ಟರು.

ತೊಟ್ಟಿಲಿನ ವಿಷಯದಲ್ಲಿ ಒಂದು ಹೊಸ ಸಂಗತಿ ಗೊತ್ತಾಯಿತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹಾಗಾಗಿ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಅಂಥದ್ದು ಎಷ್ಟಕ್ಕೆ ಹೋಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ, ದೇಶದೊಳಗಿನ ಬೆಲೆಯೇ ಬೆಲೆ. ಮೌಲ್ಯಮಾಪಕರು ಇದನ್ನು ಬಿಡಿಸಿ ಹೇಳಿದಾಗ ನಮಗೂ ಸರಿ ಅನ್ನಿಸಿತು.

ಪ್ರೀಮಿಯಂ ವರ್ಷಕ್ಕೆ 14,000 ರೂಪಾಯಿ, ಮೇಲೆ 18% ಜಿಎಸ್‌ಟಿ ಸೇರಿ 16,520. ಪ್ರತಿ ಕ್ಲೇಮಿನಲ್ಲಿ ಮೊದಲ 5,000 ನಮ್ಮ ಕೈಯಿಂದ. ದುಬಾರಿ ಅಂತ ನನಗೆ ಅನ್ನಿಸಲಿಲ್ಲ. ಪ್ರೀಮಿಯಂ ಕಡಿಮೆ ಮಾಡಲು ಬೆಲೆ ತಗ್ಗಿಸಿ ಬರೆಸಿ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಬೇಡ. ಸರಾಸರಿ ಷರತ್ತು, ಅಂದರೆ ಬೆಲೆ ಎಷ್ಟು ಕಡಿಮೆ ಬರೆಸಿದ್ದೇವೋ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಇಳಿಸುವ ಷರತ್ತು ಇರುವ ಪಾಲಿಸಿಯಲ್ಲಿ 40 ಲಕ್ಷದ ಮಾಲಿಗೆ 20 ಲಕ್ಷ ಮಾತ್ರ ಬರೆಸಿದ್ದರೆ, 1 ಲಕ್ಷದ ಹಾನಿಗೆ ಕೊಡುವುದು 50,000. ಸಣ್ಣ ಹಾನಿಗೂ ಅರ್ಧವೇ.

ಇನ್ನು ಕ್ಲೇಮಿನ ಕಥೆ. ಮಾವನವರು ಸೋಮೇಶ್ವರ ಗುಡಿಯ ಹಾದಿ ಬರೆದ ಒಂದು ಎಣ್ಣೆಬಣ್ಣದ ಚಿತ್ರ ಇದೆ. ನಾಲ್ಕಡಿ ಅಗಲ, ಮೂರಡಿ ಎತ್ತರ. ಶಾಲ್ಮಲೆ ಹುಟ್ಟುವ ಜಾಗ, ಕೆಂಪು ಮಣ್ಣಿನ ದಾರಿ, ಮಳೆ ನಿಂತ ಮೇಲಿನ ಬೆಳಕು. ಬೆಂಗಳೂರಿನ ಪ್ರದರ್ಶನಕ್ಕೆ ಕಳಿಸಿದ್ದೆವು. ವಾಪಸ್ ಬರುವಾಗ ಹಾವೇರಿ ದಾಟಿದ ಮೇಲೆ ಟೆಂಪೋದವರು ಜೋರಾಗಿ ಬ್ರೇಕ್ ಹಾಕಿದ್ದಾರೆ. ಪಕ್ಕದ ಪೆಟ್ಟಿಗೆ ಜಾರಿ ಬಂದು ಗುದ್ದಿದೆ. ಪೆಟ್ಟಿಗೆ ತೆಗೆದಾಗ ಬಲಗಡೆಯ ಕೆಳ ಮೂಲೆಯಲ್ಲಿ ಕ್ಯಾನ್‌ವಾಸ್ ಹರಿದಿತ್ತು. ಎರಡು ಬೆರಳುದ್ದ, ಕೊನೆಯಲ್ಲಿ ಮಡಚಿಕೊಂಡಿತ್ತು. ಸುತ್ತಲಿನ ಕೆಂಪು ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಟರ್ ಪೇಪರಿಗೆ ಅಂಟಿತ್ತು. ನನ್ನ ಕೈಕಾಲು ತಣ್ಣಗಾದವು.

ಬ್ರೋಕರ್‌ಗೆ ಫೋನ್ ಮಾಡಿದರೆ ಅವರು ಹೇಳಿದ ಮೊದಲ ಮಾತು: "ಮೇಡಮ್, ಏನೂ ಮುಟ್ಟಬ್ಯಾಡ್ರಿ. ಪೆಟ್ಟಿಗಿ, ಪೇಪರ್ ಯಾವುದೂ ಒಗೀಬ್ಯಾಡ್ರಿ. ಎಲ್ಲಾದರ ಫೋಟೋ ಹೊಡ್ದು ಕಳಸ್ರಿ." ಬಹಳ ಒಳ್ಳೆಯ ಸಲಹೆ. ಪ್ಯಾಕಿಂಗ್ ಸರಿಯಿಲ್ಲದೆ ಆದ ಹಾನಿಗೆ ಪರಿಹಾರ ಇಲ್ಲ ಅಂತ ಷರತ್ತಿದೆ. ನಾವು ಚಿತ್ರಕ್ಕೆ ಮೊದಲು ಬಟರ್ ಪೇಪರ್, ಮೂಲೆಗಳಿಗೆ ಫೋಮು, ಆಮೇಲೆ ಗುಳ್ಳೆ ಹೊರಗೆ ಬರುವಂತೆ ಬಬಲ್ ಶೀಟು, ಕೊನೆಗೆ ಪ್ಲೈವುಡ್ ಪೆಟ್ಟಿಗೆ ಹೀಗೆ ಕಟ್ಟಿಸಿದ್ದೆವು. ಹಂತ ಹಂತಕ್ಕೂ ಫೋಟೋ ಇತ್ತು.

ಹಾನಿ ಎಷ್ಟು ಅಂತ ನೋಡಿ ವರದಿ ಕೊಡುವ ಸರ್ವೇಯರ್ ಹುಬ್ಬಳ್ಳಿಯಿಂದ ಬಂದರು. ಸಂಭಾವಿತರು, ಆದರೆ ಹೆಚ್ಚಾಗಿ ಗೋಡೌನು, ಯಂತ್ರಗಳ ಸರ್ವೇ ಮಾಡಿದವರು.

"ಇದನ್ನ ಖರೀದಿ ಮಾಡಿದ ಬಿಲ್ ಕೊಡ್ರಿ ಮೇಡಮ್."

"ಸರ್, ನಮ್ಮ ಮಾವನವ್ರು ಇದೇ ಪಡಸಾಲ್ಯಾಗ ಕುಂತು ಬರದಾರ. ಬಿಲ್ ಎಲ್ಲಿಂದ ತರೂಣ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪಾಲಿಸಿಯ ಪಟ್ಟಿ ತೆಗೆದು ತೋರಿಸಿದೆ. ಒಪ್ಪಿತ ಮೌಲ್ಯ 2,40,000. ಅಲ್ಲಿಗೆ ಬಿಲ್ಲಿನ ಮಾತು ಮುಗಿಯಿತು. ಚಿತ್ರ ಹೊರಡುವ ಮುಂಚೆ ಮಾಡಿದ್ದ ಸ್ಥಿತಿ ವರದಿಯೂ ಕೊಟ್ಟೆ. ಅದರಲ್ಲಿ ಆಕಾಶದ ಭಾಗದಲ್ಲಿ ಹಳೇ ಕೂದಲೆಳೆ ಬಿರುಕುಗಳಿವೆ ಅಂತ ಗುರುತು ಹಾಕಿ, ಹತ್ತಿರದಿಂದ ಫೋಟೋ ತೆಗೆದು, ಬೆಂಗಳೂರಿನವರ ಸಹಿಯನ್ನೂ ಹಾಕಿಸಿದ್ದೆವು. ಯಾವುದು ಹಳೇ ಬಿರುಕು, ಯಾವುದು ಹೊಸ ಪೆಟ್ಟು ಅಂತ ಸರ್ವೇಯರ್ ಟಾರ್ಚ್ ಓರೆಯಾಗಿ ಹಿಡಿದು ಒಂದೊಂದನ್ನೂ ತಾಳೆ ನೋಡಿದರು. ನಮ್ಮ ವರದಿಯಲ್ಲಿ ಹಳೇ ದೋಷಗಳನ್ನೂ ಮುಚ್ಚಿಡದೆ ಬರೆದದ್ದರಿಂದಲೇ ಉಳಿದದ್ದನ್ನು ಅವರು ನಂಬಿದರು.

ಹಾಳಾದ ಚಿತ್ರಗಳನ್ನು ಸರಿಪಡಿಸುವ ಬೆಂಗಳೂರಿನ ಸಂರಕ್ಷಕಿಯೊಬ್ಬರು ರಿಪೇರಿಗೆ 42,000 ಅಂದಾಜು ಕೊಟ್ಟರು. ಹಿಂಬದಿಯಿಂದ ಎಳೆ ಎಳೆ ಜೋಡಿಸಿ, ಎದ್ದ ಬಣ್ಣ ಕೂಡಿಸಿ, ಹೋದ ಜಾಗಕ್ಕೆ ಮಾತ್ರ ಬಣ್ಣ ತುಂಬುವ ಕೆಲಸ. ಇಲ್ಲಿ ಕಂಪನಿಯವರ ಜೊತೆ ತಕರಾರು ಶುರುವಾಯಿತು. ರಿಪೇರಿ ಖರ್ಚಿನಲ್ಲಿ 5,000 ಕಳೆದು 37,000 ಕೊಡುತ್ತೇವೆ, ವ್ಯವಹಾರ ಮುಗಿಯಿತು ಅಂತ ಅವರ ಇಮೇಲ್ ಬಂತು. ಹರಿದು ಹೊಲಿದ ಚಿತ್ರ ಎಷ್ಟೇ ಚೆನ್ನಾಗಿ ರಿಪೇರಿಯಾದರೂ ಮೊದಲಿನ ಬೆಲೆಗೆ ಹೋಗುವುದಿಲ್ಲ. ರಿಪೇರಿಯ ನಂತರ ಇಳಿದ ಬೆಲೆಯನ್ನೂ ಕೊಡಬೇಕು ಅಂತ ನಮ್ಮ ಪಾಲಿಸಿಯಲ್ಲೇ ಸ್ಪಷ್ಟವಾಗಿ ಇದೆ. ಆ ಸಾಲನ್ನು ಓದದವರ ಹಾಗೆ ಅವರು ಉತ್ತರ ಬರೆದದ್ದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಬ್ರೋಕರ್ ಬಿಡಲಿಲ್ಲ. ಆ ಷರತ್ತನ್ನು ಗುರುತು ಮಾಡಿ ಕಳಿಸಿದರು, ಮೌಲ್ಯಮಾಪಕರ ಅಭಿಪ್ರಾಯ ತರಿಸಿದರು. ಬೆಲೆ 15% ಇಳಿದಿದೆ ಅಂತ ನಿಕ್ಕಿಯಾಯಿತು, ಅಂದರೆ 36,000. ಕೊನೆಗೆ ಕೈಗೆ ಬಂದದ್ದು 73,000. ನಾವಷ್ಟೇ ಇದ್ದಿದ್ದರೆ ಮೊದಲ ಇಮೇಲಿಗೇ ಒಪ್ಪಿಕೊಂಡುಬಿಡುತ್ತಿದ್ದೆವೇನೋ. ಅದಕ್ಕೇ ಬ್ರೋಕರ್‌ಗೆ ಪೂರ್ತಿ ಅಂಕ.

ಈ ಪಾಲಿಸಿ ಯಾವುದಕ್ಕೆ ಬರುವುದಿಲ್ಲ ಅನ್ನುವುದೂ ಮುಖ್ಯ, ಅದರಲ್ಲೂ ಧಾರವಾಡದವರಿಗೆ. ಗೆದ್ದಲು ಇಲ್ಲ. ಇಲಿ, ಜಿರಲೆ, ಸೀರೆ ತಿನ್ನುವ ಹುಳ ಇಲ್ಲ. ಜೂನ್‌ನಿಂದ ಹಿಡಿದ ಜಿಟಿಜಿಟಿ ಮಳೆಗೆ ಗೋಡೆ ಥಂಡಿ ಹಿಡಿದು ಚಿತ್ರದ ಹಿಂದೆ ಬೂಷ್ಟು ಬೆಳೆದರೆ ಇಲ್ಲ. ಬಿಸಿಲಿಗೆ ಬಣ್ಣ ಮಾಸಿದರೆ ಇಲ್ಲ. ನಿಧಾನಕ್ಕೆ ಆಗುವ ಹಾನಿ ಯಾವುದೂ ಇಲ್ಲ, ರಿಪೇರಿ ಮಾಡುವಾಗ ಕೆಟ್ಟರೂ ಇಲ್ಲ. ನಮ್ಮ ಊರಿನ ಹಳೇ ಮನೆಗಳಲ್ಲಿ ಸಂಗ್ರಹಗಳನ್ನು ಹಾಳು ಮಾಡುವುದು ಕಳ್ಳರಿಗಿಂತ ಜಾಸ್ತಿ ಗೆದ್ದಲು ಮತ್ತು ಥಂಡಿ. ಅದಕ್ಕೆ ವಿಮೆ ಅಲ್ಲ, ಕೈಯೇ ಬೇಕು. ಕಪಾಟು ಗೋಡೆಯಿಂದ ಸರಿಸಿ ಇಟ್ಟಿದ್ದೇವೆ. ಕಸೂತಿ ಸೀರೆಗಳನ್ನು ಮಡಿಕೆ ಬದಲಿಸಿ ಮಡಚುತ್ತೇವೆ, ಒಂದೇ ಮಡಿಕೆಯಲ್ಲಿ ಬಿಟ್ಟರೆ ಅಲ್ಲೇ ಎಳೆ ಕಡಿಯುತ್ತದೆ.

ವರ್ಷದ ಕೊನೆಗೆ ಎಣಿಸಿದಾಗ ಒಂದು ವಸ್ತು ಕಾಣುತ್ತಿಲ್ಲ, ಯಾವಾಗ ಹೋಯಿತು, ಹೇಗೆ ಹೋಯಿತು ಗೊತ್ತಿಲ್ಲ ಅಂದರೆ ಅದಕ್ಕೂ ಪರಿಹಾರ ಇಲ್ಲ. ಹಾಗಾಗಿ ದಾಖಲೆ ಪುಸ್ತಕ ಬೇಕೇ ಬೇಕು. ಪ್ರತಿ ವಸ್ತುವಿಗೂ ನಂಬರ್, ಅಳತೆ, ಫೋಟೋ, ಇರುವ ಜಾಗ. ಅದರ ಒಂದು ಪ್ರತಿ ಗ್ಯಾಲರಿಯ ಹೊರಗೆ ಇರಲಿ.

ಜೋಡಿಯಲ್ಲಿ ಒಂದು ಹಾಳಾದರೆ ಇನ್ನೊಂದರ ಇಳಿದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುವ ಜೋಡಿ ಷರತ್ತನ್ನು ಕೇಳಿ ಬರೆಸಿಕೊಳ್ಳಿ. ನಮ್ಮಲ್ಲಿ ಗಂಡ ಹೆಂಡತಿಯ ಎರಡು ಭಾವಚಿತ್ರಗಳಿವೆ, ಹಳೇ ವಾಡೆಯೊಂದರಿಂದ ಬಂದವು. ಒಂದು ಹೋದರೆ ಇನ್ನೊಂದರ ಬೆಲೆಯೂ ಇಳಿಯುತ್ತದೆ. ಹಾಗೇ ಬೇರೆಯವರು ಮಾರಾಟಕ್ಕೆ ಕೊಟ್ಟ ಕೃತಿಗಳನ್ನು ಬೇರೆ ಪಟ್ಟಿಯಲ್ಲಿ ಸೇರಿಸಿ. ಹಾವೇರಿಯ ಒಬ್ಬ ಹುಡುಗ ಸಾಲ ಮಾಡಿ ಕ್ಯಾನ್‌ವಾಸ್, ಬಣ್ಣ ತಂದು ಬರೆದ ಚಿತ್ರ ನಮ್ಮ ಗೋಡೆ ಮೇಲಿದೆ. ಅದಕ್ಕೇನಾದರೂ ಆದರೆ ಅವನಿಗೆ ಏನಂತ ಹೇಳುವುದು?

ದೊಡ್ಡ ಮ್ಯೂಸಿಯಮ್ಮುಗಳೇ ವಿಮೆ ಮಾಡಿಸುವುದಿಲ್ಲವಲ್ಲ, ನಮಗ್ಯಾಕೆ ಅಂತ ಕೇಳುವವರಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಕಳುವಾದ ಆಭರಣಗಳಿಗೆ ಖಾಸಗಿ ವಿಮೆ ಇರಲಿಲ್ಲ, ನಿಜ. ಆದರೆ ಅಲ್ಲಿ ನಷ್ಟ ಹೊರುವುದು ಫ್ರಾನ್ಸ್ ಸರ್ಕಾರ. ಬೋಸ್ಟನ್ನಿನ ಗಾರ್ಡ್‌ನರ್ ಮ್ಯೂಸಿಯಂ ಖಾಸಗಿಯದು. ಅಲ್ಲಿ 1990ರಲ್ಲಿ 13 ಕೃತಿಗಳು ಕಳುವಾದವು, ಕಳವಿನ ವಿಮೆ ಇರಲಿಲ್ಲ. ಕೃತಿಗಳೂ ಇನ್ನೂ ಸಿಕ್ಕಿಲ್ಲ, ಖಾಲಿ ಚೌಕಟ್ಟುಗಳನ್ನು ಹಾಗೇ ತೂಗುಹಾಕಿದ್ದಾರೆ. ನಮ್ಮಂಥವರ ಹಿಂದೆ ಯಾವ ಸರ್ಕಾರವೂ ನಿಂತಿಲ್ಲ.

ಮುಂದಿನ ತಿಂಗಳು ನವೀಕರಣ. ಇದೇ ಕಂಪನಿಯಲ್ಲಿ ಮುಂದುವರಿಸುತ್ತೇವೆ, ಇದೇ ಬ್ರೋಕರ್ ಮೂಲಕ. ಸೋಮೇಶ್ವರದ ಚಿತ್ರಕ್ಕೆ ಈಗ ಹೊಸ ಬೆಲೆ 2,04,000 ಅಂತ ಪಟ್ಟಿಯಲ್ಲಿ ತಿದ್ದಬೇಕು. ಗದಗಿನಿಂದ ಹೊಸದಾಗಿ ಬಂದ ಎರಡು ಜಲವರ್ಣಗಳನ್ನು ಸೇರಿಸಬೇಕು. ಮಳೆಗಾಲದಲ್ಲಿ ಹಂಚು ಒಡೆದು ಒಮ್ಮೆಲೇ ನೀರು ಸುರಿದರೆ ಅದು ಆಕಸ್ಮಿಕ ಹಾನಿಯಲ್ಲಿ ಬರುತ್ತದೆ ಅಂತ ಲಿಖಿತದಲ್ಲಿ ಕೊಡಿ ಅಂತ ಈ ಸಲ ಕೇಳಿದ್ದೇನೆ. ಆ ಕಾಗದ ಕೈಗೆ ಬಂದ ಮೇಲೆಯೇ ಚೆಕ್ ಕೊಡುವುದು.