ಮುದ್ದೆ, ರೊಟ್ಟಿ, ನವಣೆ: ನಮ್ಮ ಮನೆಯ ರಾತ್ರಿ ಊಟಕ್ಕೆ ಯಾವುದು ಒಗ್ಗಿತು

ನಾನು ಮಂಡ್ಯದ ಕಡೆಯವಳು. ಗಂಡನ ಮನೆ ವಿಜಯಪುರ. ಇರುವುದು ಬೆಂಗಳೂರಿನಲ್ಲಿ. ಹೋದ ವರ್ಷ ಅತ್ತೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ರಾತ್ರಿ ಬಿಳಿ ಅನ್ನ ಕಡಿಮೆ ಮಾಡಿ ಎಂದರು ಡಾಕ್ಟರು. ಅತ್ತೆಗೊಂದು ಅಡುಗೆ, ಏಳು ವರ್ಷದ ಮಗಳಿಗೊಂದು ಅಡುಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಮನೆಯವರೆಲ್ಲರಿಗೂ ಮೂರು ವಾರ ಮುದ್ದೆ, ಮೂರು ವಾರ ಜೋಳದ ರೊಟ್ಟಿ, ಮೂರು ವಾರ ನವಣೆ ಅನ್ನ ಮಾಡಿ ನೋಡಿದೆ. ಊಟವಾದ ಎರಡು ಗಂಟೆಗೆ ಅತ್ತೆ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುತ್ತಿದ್ದರು. ನಾನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ.

ಮುದ್ದೆ ನನ್ನ ತವರಿನ ಊಟ. ಅದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಮೊದಲ ವಾರ ದೊಡ್ಡ ಮುದ್ದೆ, ಜೊತೆಗೆ ತಿಳಿ ಸಾರು. ಅತ್ತೆಯ ಸಕ್ಕರೆ 210ರ ಹತ್ತಿರವೇ ನಿಂತಿತು. ಅನ್ನ ಉಂಡಾಗಲೂ ಅಷ್ಟೇ ಬರುತ್ತಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ಆಮೇಲೆ ಯೋಚಿಸಿದರೆ ಕಾರಣ ಸರಳ. ನುಣ್ಣಗೆ ಬೀಸಿದ ಹಿಟ್ಟು ಚೆನ್ನಾಗಿ ಬೆಂದಿರುತ್ತದೆ, ಬೇಗ ಜೀರ್ಣವಾಗುತ್ತದೆ. ಎರಡನೇ ವಾರ ಮುದ್ದೆಯನ್ನು ಅರ್ಧಕ್ಕೆ ಇಳಿಸಿದೆ. ತಿಳಿ ಸಾರು ಬಿಟ್ಟು ಬಸ್ಸಾರು ಮಾಡಿದೆ. ಹೆಸರುಕಾಳು, ದಂಟಿನ ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರಿಗೆ ಇಟ್ಟುಕೊಂಡೆ. ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ, ಕಾಯಿತುರಿ ಹಾಕಿದರೆ ಪಲ್ಯ. ಆ ಪಲ್ಯವನ್ನು ಒಂದು ಬಟ್ಟಲು ಮೊದಲು ತಿಂದು, ಆಮೇಲೆ ಮುದ್ದೆ ಮುರಿಯಬೇಕು ಅಂತ ಅತ್ತೆಗೆ ಹೇಳಿದೆ. ಅಂಕಿ 160ರ ಆಸುಪಾಸಿಗೆ ಬಂತು. ಮಾತ್ರೆ ಬದಲಾಗಿರಲಿಲ್ಲ. ಇದು ಒಬ್ಬರ ಮೈಗೆ ಸಂಬಂಧಿಸಿದ ಲೆಕ್ಕ, ನಿಮ್ಮ ಮನೆಯಲ್ಲಿ ನೀವೇ ನೋಡಿಕೊಳ್ಳಬೇಕು.

ರಾಗಿಯಲ್ಲಿ ಎಲ್ಲಾ ಇದೆ ಅಂತ ನಂಬಿ ಬೆಳೆದವಳು ನಾನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿ ತೆಗೆದು ನೋಡಿದೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ, ಜೋಳದಲ್ಲಿ ಸುಮಾರು 28. ಬೆಳೆಯುವ ಮಗುವಿಗೆ, ಮೂಳೆ ಸವೆಯುವ ವಯಸ್ಸಿನವರಿಗೆ ಇದು ದೊಡ್ಡ ಮಾತು. ಆದರೆ ಪ್ರೋಟೀನ್ ನೋಡಿ: ರಾಗಿಯಲ್ಲಿ 7 ಗ್ರಾಂ ಚಿಲ್ಲರೆ, ಅಕ್ಕಿಯಲ್ಲಿ ಸುಮಾರು 8, ಜೋಳದಲ್ಲಿ ಹೆಚ್ಚುಕಡಿಮೆ 10. ಅಂದರೆ ಮುದ್ದೆಯ ಜೊತೆ ಕಾಳು ಬೇಕೇ ಬೇಕು. ನಮ್ಮ ಅಜ್ಜಿಯರು ಅವರೆಕಾಳು, ಹುರುಳಿಕಾಳು ಬಿಟ್ಟು ಮುದ್ದೆ ಉಣ್ಣುತ್ತಿದ್ದದ್ದೇ ಅಪರೂಪ, ಅಲ್ವಾ?

ಮಗಳಿಗೆ ಮಾತ್ರ ಮುದ್ದೆ ಮೊದಲು ಸೇರಲಿಲ್ಲ. "ಅಮ್ಮ, ಗಂಟಲಿಗೆ ಅಂಟುತ್ತೆ" ಅಂದಳು. ನಿಂಬೆಹಣ್ಣಿನಷ್ಟು ಚಿಕ್ಕ ಉಂಡೆ ಮಾಡಿ, ತುಪ್ಪ ಸವರಿ, ಸಾರಿನಲ್ಲಿ ಅದ್ದಿ ಕೊಟ್ಟ ಮೇಲೆ ಎರಡು ಉಂಡೆ ತಿಂದಳು.

ರೊಟ್ಟಿಯಲ್ಲಿ ಅತ್ತೆಯೇ ಗುರು. ಜೋಳಕ್ಕೆ ಗೋಧಿಯ ಹಾಗೆ ಅಂಟು ಇಲ್ಲ, ಕುದಿಯುವ ನೀರು ಹಾಕಿದರೇ ಹಿಟ್ಟು ಹಿಡಿದುಕೊಳ್ಳುವುದು. "ತಣ್ಣೀರ್ ಹಾಕಿದ್ರ ರೊಟ್ಟಿ ಹರೀತಾವ ನೋಡವಾ" ಅಂತ ಅವರು ಮೊದಲ ದಿನವೇ ಹೇಳಿದ್ದರು. ಆದರೂ ನನ್ನ ರೊಟ್ಟಿ ಅಂಚು ಒಡೆಯುತ್ತಲೇ ಇತ್ತು. ತಪ್ಪು ಹಿಟ್ಟಿನದು. ಅಂಗಡಿಯಿಂದ ತಂದ ಪ್ಯಾಕೆಟ್ ಹಳೆಯದು, ಜಿಗಿ ಹೋಗಿತ್ತು. ಜೋಳ ತಂದು ಗಿರಣಿಯಲ್ಲಿ ಬೀಸಿಸಿದ ಮೇಲೆ ಅದೇ ಕೈಯಲ್ಲಿ ರೊಟ್ಟಿ ದುಂಡಗೆ ಬಂತು.

ರುಚಿಗೆ, ಹೊಟ್ಟೆ ತುಂಬಿದ ತೃಪ್ತಿಗೆ ರೊಟ್ಟಿಯೇ ಮೇಲು ಅಂತ ನಾನು ಒಪ್ಪುತ್ತೇನೆ. ಒಣ ಊಟ, ಅಗಿದು ತಿನ್ನಬೇಕು, ಆದ್ದರಿಂದ ಯಾರೂ ಜಾಸ್ತಿ ತಿನ್ನುವುದಿಲ್ಲ. ಅತ್ತೆಯ ಸಕ್ಕರೆ ಮೂರೂ ವಾರ 150ರಿಂದ 165ರೊಳಗೆ ಇತ್ತು. ಪಕ್ಕಕ್ಕೆ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪಿನ ಪಚಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಈ ತಟ್ಟೆಗೆ ಇನ್ನೇನೂ ಸೇರಿಸಬೇಕಿಲ್ಲ. ಮೊಸರನ್ನು ಮಾತ್ರ ಬಿಡಬೇಡಿ. ಜೋಳದಲ್ಲಿ ಕಡಿಮೆ ಇರುವ ಕ್ಯಾಲ್ಸಿಯಂ ಅಲ್ಲಿಂದ ಬರುತ್ತದೆ. ತೊಂದರೆ ಒಂದೇ, ಹೊತ್ತು. ಆಫೀಸಿನಿಂದ ಏಳಕ್ಕೆ ಬಂದು ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ಮಗಳಿಗೆ ನಿದ್ದೆ ಬಂದಿರುತ್ತಿತ್ತು.

ನವಣೆ ಬಗ್ಗೆ ಹೇಳಲು ಅಷ್ಟಿಲ್ಲ. ಕುಕ್ಕರಿನಲ್ಲಿ ಆಗುತ್ತದೆ, ಕೆಲಸ ಕಡಿಮೆ. ನೆನೆಸದೆ ಮಾಡಿದ ದಿನ ಎಲ್ಲರಿಗೂ ಹೊಟ್ಟೆ ಭಾರ. ಎರಡು ಗಂಟೆ ನೆನೆಸಿದರೆ ಸರಿ. ಆರಿದ ಮೇಲೆ ಉದುರುದುರಾಗಿ ಒಣಗುತ್ತದೆ, ಸುಮ್ನೆ ಸಾರು ಕಲಸಿ ಉಣ್ಣಲು ಯಾರಿಗೂ ಇಷ್ಟವಾಗಲಿಲ್ಲ. ಬಿಸಿಬೇಳೆ ಬಾತ್ ಮಾಡಿದಾಗ ಮಾತ್ರ ಮಗಳು ಎರಡನೇ ಸಲ ಹಾಕಿಸಿಕೊಂಡಳು. ಬೇಳೆ ಜಾಸ್ತಿ, ಬೀನ್ಸ್, ಕ್ಯಾರೆಟ್, ನವಿಲುಕೋಸು ತುಂಬಾ ಹಾಕಿದ್ದೆ.

ಈಗ ನಮ್ಮ ಮನೆಯಲ್ಲಿ ಸೋಮವಾರದಿಂದ ಗುರುವಾರ ಚಿಕ್ಕ ಮುದ್ದೆ, ಜೊತೆಗೆ ಬಸ್ಸಾರು ಇಲ್ಲವೇ ಮಸ್ಸೊಪ್ಪು. ಶುಕ್ರವಾರ ನವಣೆ ಬಿಸಿಬೇಳೆ ಬಾತ್. ಶನಿವಾರ, ಭಾನುವಾರ ಬಿಸಿ ರೊಟ್ಟಿ. ಅತ್ತೆ ಬಡಿಯುತ್ತಾರೆ, ನಾನು ಬೇಯಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ಎರಡು ಕೆಜಿ ಜೋಳ ಗಿರಣಿಗೆ ಹೋಗುತ್ತದೆ, ಅದಕ್ಕಿಂತ ಜಾಸ್ತಿ ಬೀಸಿಸುವುದಿಲ್ಲ.