ಜಿಸಿಸಿ 14ರ ‘ಹಾರ್ಡನ್ಡ್’ ಫ್ಲ್ಯಾಗ್: ಕಾವಲು ಗಟ್ಟಿ, ದಾಕ್ಷಿಣ್ಯ ಜಾಸ್ತಿ

ಶಿವಮೊಗ್ಗದ ಅಡಿಕೆ ಮಂಡಿಯೊಂದರ ತೂಕದ ಲೆಕ್ಕ ಇಡುವ ಸಿ ಪ್ರೋಗ್ರಾಮನ್ನು ಡೆಬಿಯನ್ 13 ಎಂಬ ಲಿನಕ್ಸ್ ಆವೃತ್ತಿಗೆ ಸಾಗಿಸುವಾಗ ಬಿಲ್ಡ್ (ಮೂಲ ಕೋಡಿನಿಂದ ಓಡುವ ಪ್ರೋಗ್ರಾಮು ಕಟ್ಟುವ ಕೆಲಸ) ಅರ್ಧಕ್ಕೇ ನಿಂತಿತು. ಬಿಲ್ಡಿನ ಸೂಚನೆಗಳನ್ನು ಬರೆದಿಟ್ಟ ನಮ್ಮ ಮೇಕ್‌ಫೈಲು ಮೆಮೊರಿಯ ಗಡಿ ಮೀರಿದ ಬರಹವನ್ನು ಹಿಡಿಯುವ ‘ಫೋರ್ಟಿಫೈ ಸೋರ್ಸ್’ ಕಾವಲಿಗೆ ಮಟ್ಟ 2 ಎನ್ನುತ್ತಿತ್ತು, ತಕ್ಕಡಿಯೊಂದಿಗೆ ಬಂದ ಲೈಬ್ರರಿಯದು 3 ಎನ್ನುತ್ತಿತ್ತು. ಇಂಥ ಮರುವ್ಯಾಖ್ಯಾನಕ್ಕೆ ಜಿಸಿಸಿ (ಸಿ ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್) ಬರೀ ಎಚ್ಚರಿಕೆ ಕೊಡುತ್ತದೆಯಾದರೂ, ಎಚ್ಚರಿಕೆಗಳನ್ನೆಲ್ಲ ದೋಷವೆಂದೇ ಎಣಿಸುವ ‘ವೆರರ್’ ಫ್ಲ್ಯಾಗ್ (ಕಂಪೈಲರಿಗೆ ಕೊಡುವ ಸೂಚನೆ) ನಮ್ಮಲ್ಲಿತ್ತು.

ಈ ತಂಟೆಗೆ ಪರಿಹಾರವೆಂದು 2024ರ ಜಿಸಿಸಿ 14ರಲ್ಲಿ ಬಂದ ‘ಎಫ್‌ಹಾರ್ಡನ್ಡ್’ ಬಳಸಿದೆ. ಫೋರ್ಟಿಫೈ ಮಟ್ಟ 3, ಸ್ಟ್ಯಾಕ್ ಪ್ರೊಟೆಕ್ಟರ್ ಸ್ಟ್ರಾಂಗ್, ಸ್ಟ್ಯಾಕ್ ಕ್ಲ್ಯಾಶ್ ರಕ್ಷಣೆ, ಪೈ (ಪ್ರೋಗ್ರಾಮನ್ನು ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಇಡಲು ಬಿಡುವುದು), ಸ್ಥಳೀಯ ಚರಗಳಿಗೆ ಸೊನ್ನೆ ತುಂಬುವುದು, ಹೀಗೆ ಮೆಮೊರಿಯ ತಪ್ಪು ಮತ್ತು ದಾಳಿಗಳಿಂದ ಕಾಯುವ ಇವೆಲ್ಲ ಒಂದೇ ಫ್ಲ್ಯಾಗಿನಲ್ಲಿ ಬರುತ್ತವೆ. ಅನುಕೂಲದಲ್ಲಿ ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಆದರೆ ಬಿಡಿಯಾಗಿ ಕೊಟ್ಟ ಯಾವುದೇ ಫ್ಲ್ಯಾಗಿನ ಮೇಲೆ ಇದು ಸವಾರಿ ಮಾಡುವುದಿಲ್ಲ. ‘ನೀವೇ ಹೇಳಿದ್ದೀರಿ, ಆದ್ದರಿಂದ ನಾನು ಹಾಕಲಿಲ್ಲ’ ಎಂಬರ್ಥದ ಒಂದು ಎಚ್ಚರಿಕೆ ಕೊಟ್ಟು ಸರಿದು ನಿಲ್ಲುತ್ತದೆ. ಮಘೆ ಮಳೆಗೆ ಕರೆಂಟು ಹೋಗಿ ಬಂದು ಮಾಡುತ್ತಿದ್ದ ಆ ಸಂಜೆಯ ಅವಸರದಲ್ಲಿ ನಾನು ವೆರರ್ ತೆಗೆದಿದ್ದೆ, ಲೈಬ್ರರಿಯ 3 ಅಳಿಸಿದ್ದೆ, ನಮ್ಮದೇ 2 ಅಳಿಸಲು ಮರೆತಿದ್ದೆ. ಎಚ್ಚರಿಕೆಯ ಸಾಲು ಪರದೆಯ ಮೇಲೆ ಓಡಿಹೋಯಿತು, ಬಿಲ್ಡ್ ಯಶಸ್ವಿಯಾಯಿತು.

ಮರುದಿನ ಆ 2 ಅಳಿಸಿ ಮತ್ತೆ ಬಿಲ್ಡ್ ಮಾಡಿದಾಗ, ಅಡಿಕೆಯ ದರ್ಜೆ ‘ಗೊರಬಲು’ ಎಂದು ನಮೂದಿಸಿದೊಡನೆ ಪ್ರೋಗ್ರಾಮು ‘ಬಫರ್ ಓವರ್‌ಫ್ಲೋ’ ಎಂದು ನಿಂತುಬಿಟ್ಟಿತು. ದರ್ಜೆ ಬರೆಯುವ ಬಫರಿನ (ಮೆಮೊರಿಯಲ್ಲಿ ಕಾದಿರಿಸಿದ ಜಾಗದ) ಗಾತ್ರವನ್ನು ಕಾನ್ಫಿಗ್ ಫೈಲಿನಿಂದ ಓದುತ್ತಿದ್ದೆವು, ಅಲ್ಲಿ 16 ಎಂದಿತ್ತು. ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ‘ರಾಶಿ’, ‘ಸರಕು’ ತಲಾ 12 ಬೈಟಿನಲ್ಲಿ ಮುಗಿಯುತ್ತವೆ. ‘ಬೆಟ್ಟೆ’, ‘ಗೊರಬಲು’ ತಲಾ 18 ಕೇಳುತ್ತವೆ. ಪ್ರೋಗ್ರಾಮುಗಳಿಗೆ ಮೆಮೊರಿ ಹಂಚುವ ಲಿನಕ್ಸಿನ ಸಿ ಲೈಬ್ರರಿಯಾದ 64 ಬಿಟ್ ಗ್ಲಿಬ್‌ಸಿ 16 ಕೇಳಿದವರಿಗೆ ಒಳಗೊಳಗೇ 24 ಬೈಟ್ ಜಾಗ ಕೊಡುವುದರಿಂದ ಇಷ್ಟು ದಿನ ಯಾರಿಗೂ ತಿಳಿದಿರಲಿಲ್ಲ. ಪ್ರೋಗ್ರಾಮು ಓಡುವಾಗ ಮಾತ್ರ ಗೊತ್ತಾಗುವ ಇಂಥ ಗಾತ್ರವನ್ನು ಮಟ್ಟ 2 ನೋಡುವುದಿಲ್ಲ, ಮಟ್ಟ 3 ನೋಡುತ್ತದೆ.

ಆಪ್ಟಿಮೈಸೇಶನ್ (ಕೋಡನ್ನು ಚುರುಕುಗೊಳಿಸುವ ಹಂತ) ಇಲ್ಲದ, ತಪ್ಪು ಹುಡುಕಲೆಂದು ಮಾಡುವ ಡಿಬಗ್ ಬಿಲ್ಡಿನಲ್ಲಿ ಫೋರ್ಟಿಫೈ ಕೆಲಸ ಮಾಡುವುದಿಲ್ಲ, ಅದಕ್ಕೂ ಒಂದು ಎಚ್ಚರಿಕೆ ಬರುತ್ತದೆ. ಹೀಗಾಗಿ ಹಾರ್ಡನ್ಡ್ ಹಾಕುವವರು ಹಳೆಯ ಬಿಡಿ ಫ್ಲ್ಯಾಗುಗಳನ್ನು ಮೊದಲು ಕಿತ್ತುಹಾಕಿ, ವೆರರನ್ನು ಉಳಿಸಿಕೊಳ್ಳುವುದು ಒಳ್ಳೆಯದು. ನಾನು ಬಿಡುಗಡೆಯ ಬಿಲ್ಡಿಗೆ ಅದನ್ನು ವಾಪಸು ಹಾಕಿದ್ದೇನೆ, ಕಾನ್ಫಿಗಿನ 16 ಈಗ 64 ಆಗಿದೆ.