ವರ್ಷ ಕಳೆದರೂ ಕಿವಿಯಲ್ಲಿ ಉಳಿದವು: ಐದು ರ‍್ಯಾಪ್, ರಾಕ್ ಆಲ್ಬಮ್‌ಗಳ ಬಗ್ಗೆ

ನಾನು ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಕಾಡುಗೋಡಿಯಲ್ಲಿ ಇಳಿಯುತ್ತೇನೆ. ಅಂದರೆ ನೇರಳೆ ಮಾರ್ಗದ ಹೆಚ್ಚುಕಡಿಮೆ ಈ ತುದಿಯಿಂದ ಆ ತುದಿ. 2023ರ ಅಕ್ಟೋಬರ್‌ನಲ್ಲಿ ಈ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ನನ್ನ ಸಂಗೀತ ಕೇಳುವ ಕ್ರಮವೇ ಬದಲಾಯಿತು. ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಒಂದು ಹಾಡನ್ನು ನೆಟ್ಟಗೆ ಕೇಳುವುದೇ ಕಷ್ಟವಿತ್ತು. ಈಗ ಇಡೀ ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅದನ್ನು ಮಾಡಿದವರು ಜೋಡಿಸಿದ ಕ್ರಮದಲ್ಲೇ ಕೇಳುತ್ತೇನೆ. ಹೊಸದೇನಾದರೂ ಬಂದರೆ ಮೊದಲ ತಿಂಗಳು ಪ್ರತಿದಿನ, ಆಮೇಲೆ ವಾರಕ್ಕೊಮ್ಮೆ, ಆರು ತಿಂಗಳಾದ ಮೇಲೆ ಮನಸ್ಸು ಬೇಡಿದಾಗ ಮಾತ್ರ. ಆರು ತಿಂಗಳ ನಂತರವೂ ಬೇಡಿಕೆ ಬರುತ್ತಿದೆಯೇ ಎನ್ನುವುದೇ ನನ್ನ ಮಟ್ಟಿಗೆ ವಿಮರ್ಶೆ. ಬಿಡುಗಡೆಯಾದ ರಾತ್ರಿ ಬರೆದ ಮಾತುಗಳನ್ನು ನಾನೀಗ ನಂಬುವುದಿಲ್ಲ, ನಾನೇ ಬರೆದದ್ದನ್ನು ಕೂಡ.

ಹಾಗೆ ನಂಬದಿರುವುದನ್ನು ಕಲಿಸಿದ್ದು ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್‌ನ ‘ಫ್ರಮ್ ಝೀರೊ’. 2024ರ ನವೆಂಬರ್ 15ರಂದು ಬಂತು. ಗಾಯಕ ಚೆಸ್ಟರ್ ಬೆನಿಂಗ್ಟನ್ 2017ರ ಜುಲೈನಲ್ಲಿ ತೀರಿಕೊಂಡ ಮೇಲೆ ಈ ಬ್ಯಾಂಡ್ ಮತ್ತೆ ಎದ್ದು ನಿಲ್ಲುತ್ತದೆ ಎಂದು ನಾನು ಎಣಿಸಿರಲಿಲ್ಲ. ನಮ್ಮ ಮನೆಗೆ ಈ ಬ್ಯಾಂಡ್ ಬಂದದ್ದು ಅಣ್ಣನಿಂದ. ನಾನು ಪಿಯುಸಿ ಓದುತ್ತಿದ್ದಾಗ ಅವನು ಮಂಗಳೂರಿನಿಂದ ‘ಹೈಬ್ರಿಡ್ ಥಿಯರಿ’ಯ ಕ್ಯಾಸೆಟ್ ತಂದಿದ್ದ. ಕುಂದಾಪುರದ ಮನೆಯ ಜಗುಲಿಯಲ್ಲಿ ಅದನ್ನು ಎಷ್ಟು ಸಲ ತಿರುಗಿಸಿ ಹಾಕಿದ್ದೆವೆಂದರೆ, ಒಂದು ದಿನ ಟೇಪು ಸುತ್ತಿಕೊಂಡು ಹೊರಬಂತು. ಪೆನ್ಸಿಲ್ ತೂರಿಸಿ ಸುತ್ತಿ ಸರಿಮಾಡಿದೆವು. ಅಂದಿನಿಂದ ಎರಡನೆಯ ಹಾಡಿನ ನಡುವೆ ಒಂದು ಕಡೆ ಧ್ವನಿ ಕುಗ್ಗಿ ಮತ್ತೆ ಏಳುತ್ತಿತ್ತು. ಇವತ್ತಿಗೂ ಮೊಬೈಲಿನಲ್ಲಿ ಆ ಹಾಡು ಕೇಳುವಾಗ ಅಲ್ಲಿಗೆ ಬಂದರೆ ಕಿವಿ ಆ ಕುಗ್ಗುವಿಕೆಗಾಗಿ ಕಾಯುತ್ತದೆ.

ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಬಂದ ಸುದ್ದಿ ಹೇಳಿದಾಗ ಅಣ್ಣ, “ಅದನ್ನು ನನಗೆ ಕೇಳಿಸಬೇಡ ಮಾರಾಯ” ಎಂದು ಫೋನ್ ಇಟ್ಟುಬಿಟ್ಟ. ನಾನು ಮಾತ್ರ ಬಿಡುಗಡೆಯ ರಾತ್ರಿ ಎರಡು ಸಲ ಕೇಳಿ, ಇದು ಅವರ ಮೊದಲ ಎರಡು ಆಲ್ಬಮ್‌ಗಳಿಗೆ ಸಮ ಎಂದು ಅವನಿಗೆ ಸಂದೇಶ ಕಳಿಸಿದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಾಗೆಂದು ಇದು ಕೆಟ್ಟ ಆಲ್ಬಮ್ ಅಲ್ಲ. ‘ದಿ ಎಂಪ್ಟಿನೆಸ್ ಮೆಷೀನ್’ ಹಾಡಿನ ಕಟ್ಟೋಣವನ್ನು ನೋಡಿ: ಮೊದಲ ಚರಣವನ್ನು ಮೈಕ್ ಶಿನೋಡಾ ಒಬ್ಬರೇ ಹಾಡುತ್ತಾರೆ, ಎಮಿಲಿ ಬರುವುದು ಎರಡನೆಯ ಚರಣಕ್ಕೆ. ಹೊಸಬರನ್ನು ಮನೆಯ ಹಿರಿಯ ಕೈಹಿಡಿದು ಒಳಗೆ ಕರೆತಂದಂತೆ. ಎಮಿಲಿಯ ಗಂಟಲಿನ ಶಕ್ತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ‘ಟೂ ಫೇಸ್ಡ್’ನಲ್ಲಿ ಜೋ ಹಾನ್ ರೆಕಾರ್ಡನ್ನು ಉಜ್ಜುವ ಸದ್ದು ಕೇಳಿದಾಗ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿಬರುತ್ತೇನೆ. ತೊಂದರೆ ಇರುವುದೂ ಅಲ್ಲೇ. ಬಹಳಷ್ಟು ಹಾಡುಗಳು ನನ್ನನ್ನು ಹಿಂದಕ್ಕೆ ಕರೆದೊಯ್ಯುತ್ತವೆ, ಮುಂದಕ್ಕೆ ಕರೆಯುವವು ಕಡಿಮೆ. ಹನ್ನೊಂದು ಹಾಡು, ಬರೀ ಮೂವತ್ತೆರಡು ನಿಮಿಷ. ಮೆಜೆಸ್ಟಿಕ್ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಧ್ವನಿಮುದ್ರಣವೂ ಮೊದಲಿನಿಂದ ಕೊನೆಯವರೆಗೆ ಒಂದೇ ಎತ್ತರದಲ್ಲಿ ನಿಂತಿದ್ದು, ಕಿವಿಗೆ ಉಸಿರಾಡಲು ಜಾಗ ಕೊಡುವುದಿಲ್ಲ. ನಾಲ್ಕು ತಿಂಗಳ ನಂತರ ನಾನು ಕೇಳುತ್ತಿದ್ದದ್ದು ಮೂರು ಹಾಡು. ಈಗಲೂ ಆ ಮೂರೇ.

ಅದೇ ನವೆಂಬರ್ 22ರಂದು ರ‍್ಯಾಪ್ ಕಲಾವಿದ ಕೆಂಡ್ರಿಕ್ ಲಮಾರ್ ಯಾವ ಮುನ್ಸೂಚನೆಯೂ ಇಲ್ಲದೆ ‘ಜಿಎನ್‌ಎಕ್ಸ್’ ಹೊರತಂದರು. ಹೆಸರು ಒಂದು ಕಾರಿನದು, 1987ರ ಬ್ಯೂಕ್. ಕೆಂಡ್ರಿಕ್ ಹುಟ್ಟಿದ್ದೂ ಅದೇ ವರ್ಷ, ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ. 2024ರ ಮೇ ತಿಂಗಳಲ್ಲಿ ಕೆನಡಾದ ರ‍್ಯಾಪ್ ಕಲಾವಿದ ಡ್ರೇಕ್ ಜೊತೆಗಿನ ಹಾಡಿನ ಕಾಳಗ ತುದಿ ಮುಟ್ಟಿತ್ತು. ಕೆಂಡ್ರಿಕ್ ಹಾಡಿದ ‘ನಾಟ್ ಲೈಕ್ ಅಸ್’ ಜಗತ್ತಿನ ಮೂಲೆಮೂಲೆಯಲ್ಲೂ ಕೇಳಿಬರುತ್ತಿತ್ತು. ರ‍್ಯಾಪ್ ಕಲಾವಿದರು ಹೀಗೆ ಒಬ್ಬರನ್ನೊಬ್ಬರು ಹಾಡಿನಲ್ಲೇ ಹಣಿಯುವುದನ್ನು ಕೆಲವರು ಬೀದಿಜಗಳ ಎಂದು ತಳ್ಳಿಹಾಕುತ್ತಾರೆ. ತಾಳಮದ್ದಳೆ ಕೇಳಿ ಬೆಳೆದವನಿಗೆ ಅದು ಬೀದಿಜಗಳವಾಗಿ ಕಾಣುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಇರುವುದು ಮಾತು, ಅದಕ್ಕೆ ಎದುರುಮಾತು. ಎದುರಾಳಿಯ ಮಾತಿನ ಎಳೆಯನ್ನೇ ಹಿಡಿದು ಅವನನ್ನು ಕಟ್ಟಿಹಾಕಬೇಕು. ಸಭೆಯೇ ತೀರ್ಪುಗಾರ.

ಆದ್ದರಿಂದ ‘ಜಿಎನ್‌ಎಕ್ಸ್’ನಲ್ಲಿ ನನ್ನನ್ನು ಹಿಡಿದಿಟ್ಟ ಹಾಡು ಎಲ್ಲರೂ ಕೂಗಿದ ‘ಟಿವಿ ಆಫ್’ ಅಲ್ಲ, ‘ರೀಇನ್‌ಕಾರ್ನೇಟೆಡ್’. ಟೂಪಾಕ್ ಶಕೂರ್ ಅವರ ಹಳೆಯ ಹಾಡೊಂದರ ಸಂಗೀತದ ಮೇಲೆ ಕಟ್ಟಿದ್ದು. ಇದರಲ್ಲಿ ಕೆಂಡ್ರಿಕ್ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಾ ಹೋಗುತ್ತಾರೆ. ಒಂದು ಜನ್ಮದಲ್ಲಿ ಗಿಟಾರ್ ವಾದಕ, ಇನ್ನೊಂದರಲ್ಲಿ ಮಾದಕ ವ್ಯಸನಕ್ಕೆ ಬಲಿಯಾದ ಗಾಯಕಿ. ಮೂರನೆಯ ಭಾಗದಲ್ಲಿ ದೇವರಂಥ ತಂದೆಯೊಂದಿಗೆ ವಾದ ಶುರುವಾಗುತ್ತದೆ. ಕೇಳುವವನೂ ಅವರೇ, ಉತ್ತರಿಸುವವನೂ ಅವರೇ. ಮಗ ತನ್ನ ಸತ್ಕಾರ್ಯಗಳ ಪಟ್ಟಿ ಕೊಡುತ್ತಾನೆ, ತಂದೆ ಒಂದೊಂದನ್ನೂ ಎತ್ತಿ ಬದಿಗಿಡುತ್ತಾನೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಪ್ರಸಂಗವನ್ನು ಒಳ್ಳೆಯ ಅರ್ಥಧಾರಿಗಳಿಂದ ಕೇಳಿದವರಿಗೆ ಈ ಬಿಸಿ ಗೊತ್ತಿರುತ್ತದೆ. ಇಲ್ಲಿ ವಾಲಿಯೂ ರಾಮನೂ ಒಂದೇ ಗಂಟಲಿನಲ್ಲಿ ಕೂತಿದ್ದಾರೆ. ಮೊದಲ ವಾರ ನನಗೆ ಅರ್ಧ ಮಾತುಗಳೂ ಅರ್ಥವಾಗಿರಲಿಲ್ಲ. ಸಾಹಿತ್ಯವನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಓದಿದೆ, ಆಮೇಲೆ ಮತ್ತೆ ಕೇಳಿದೆ. ರ‍್ಯಾಪ್ ಕೇಳುವ ಕನ್ನಡಿಗರಿಗೆ ನಾನು ಹೇಳುವುದು ಇಷ್ಟೇ: ಸಾಹಿತ್ಯ ಓದದೆ ಇವನ್ನು ಕೇಳಬೇಡಿ, ಅರ್ಧಕ್ಕರ್ಧ ನಷ್ಟ. ಮನೆಯಲ್ಲಿ ಮಕ್ಕಳಿದ್ದರೆ ಸ್ಪೀಕರಿನಲ್ಲಿ ಹಾಕಬೇಡಿ, ಒರಟು ಮಾತುಗಳು ಧಾರಾಳವಾಗಿವೆ.

ಆಲ್ಬಮ್ ತೆರೆದುಕೊಳ್ಳುವುದು ಡೇರಾ ಬರೇರಾ ಎಂಬ ಗಾಯಕಿ ಸ್ಪ್ಯಾನಿಷ್‌ನಲ್ಲಿ ಹಾಡುವ ಸಾಲಿನಿಂದ. ಆ ದನಿ ನಡುನಡುವೆ ಮರಳಿ ಬರುತ್ತದೆ. ಎರಡು ಪದ್ಯಗಳ ನಡುವೆ ಭಾಗವತರು ಎಳೆಯುವ ಆಲಾಪದ ಹಾಗೆ ಅದು ಇಡೀ ಆಲ್ಬಮ್ಮನ್ನು ಹೊಲಿದಿಡುತ್ತದೆ. ಎಸ್‌ಝಾ ಜೊತೆ ಹಾಡಿದ ‘ಲೂಥರ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹದಿಮೂರು ವಾರ ಮೊದಲ ಸ್ಥಾನದಲ್ಲಿತ್ತು. ಇಂದಿರಾನಗರದ ಕಾಫಿ ಅಂಗಡಿಗಳಲ್ಲೂ ಅದೇ ಕೇಳಿಸುತ್ತಿತ್ತು. ಅಷ್ಟು ಕೇಳಿದರೂ ಹಳಸಲಿಲ್ಲ. ‘ಪೀಕಬೂ’ ಮಾತ್ರ ಎರಡನೆಯ ತಿಂಗಳಿಗೇ ಸಾಕಾಯಿತು, ಈಗ ದಾಟಿಸಿ ಮುಂದೆ ಹೋಗುತ್ತೇನೆ.

ಇಲ್ಲೊಂದು ದೂರು ಹೇಳಲೇಬೇಕು. ನಾನು ಆಗ ಬಳಸುತ್ತಿದ್ದ ಸಂಗೀತ ಆ್ಯಪ್ ಹಣ ಕಟ್ಟದವರಿಗೆ ಹಾಡುಗಳನ್ನು ಕಲಸಿ ಕೊಡುತ್ತಿತ್ತು. ‘ಜಿಎನ್‌ಎಕ್ಸ್’ನ ಮೊದಲ ಎರಡು ದಿನ ನಾನು ಅದನ್ನು ತಪ್ಪು ಕ್ರಮದಲ್ಲಿ ಕೇಳಿದ್ದೆ ಎಂದು ಗೊತ್ತಾದಾಗ ನಿಜವಾಗಿ ಸಿಟ್ಟು ಬಂತು. ಕಾದಂಬರಿಯ ಅಧ್ಯಾಯಗಳನ್ನು ಕಲಸಿ ಕೊಟ್ಟರೆ ಯಾರು ಒಪ್ಪುತ್ತಾರೆ? ಅಂದೇ ಚಂದಾ ಕಟ್ಟಿದೆ. ಈಗ ಆಲ್ಬಮ್‌ಗಳನ್ನು ರಾತ್ರಿ ಮನೆಯಲ್ಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತೇನೆ. ರೈಲು ಸುರಂಗಕ್ಕೆ ಇಳಿದಾಗ ನೆಟ್‌ವರ್ಕ್ ಕೈಕೊಟ್ಟರೂ ಹಾಡು ನಿಲ್ಲುವುದಿಲ್ಲ.

ಸುರಂಗ ಎಂದಾಗ ನೆನಪಾಗುವುದು ದಿ ಕ್ಯೂರ್. ಹದಿನಾರು ವರ್ಷ ಹೊಸ ಆಲ್ಬಮ್ ತರದಿದ್ದ ಇಂಗ್ಲೆಂಡಿನ ಈ ರಾಕ್ ಬ್ಯಾಂಡ್ 2024ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ತಂದಿತು. ಎಂಟು ಹಾಡು, ನಲವತ್ತೊಂಬತ್ತು ನಿಮಿಷ. ಮೊದಲ ಸಲ ಕೇಳಿದಾಗ ನನಗೆ ಹಿಡಿಸಲಿಲ್ಲ. ಮೊದಲ ಹಾಡು ‘ಅಲೋನ್’ನಲ್ಲಿ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಬೇಕು. ಕೊನೆಯ ‘ಎಂಡ್‌ಸಾಂಗ್’ನಲ್ಲಂತೂ ಆರು ನಿಮಿಷ ದಾಟಿದ ಮೇಲೆ ದನಿ ಕೇಳಿಸುತ್ತದೆ. ನಾನು ತಾಳ್ಮೆಯಿಲ್ಲದೆ ಮುಂದಕ್ಕೆ ಓಡಿಸಿದ್ದೆ. ಫೆಬ್ರವರಿಯ ಒಂದು ಸಂಜೆ ಬೇರೆ ಯಾವ ಆಲ್ಬಮ್ಮೂ ಮೊಬೈಲಿನಲ್ಲಿರಲಿಲ್ಲ, ಇದೊಂದೇ ಇತ್ತು. ಬೈಯಪ್ಪನಹಳ್ಳಿಯಲ್ಲಿ ಸೀಟು ಸಿಕ್ಕಿತು, ಹಾಕಿಕೊಂಡು ಕಣ್ಣು ಮುಚ್ಚಿದೆ. ಎಂ.ಜಿ. ರಸ್ತೆ ದಾಟಿ ರೈಲು ನೆಲದೊಳಕ್ಕೆ ಇಳಿಯುವಾಗ ಕಿಟಕಿಯ ಬೆಳಕೆಲ್ಲ ಒಮ್ಮೆಲೇ ಆರಿತು. ಕೀಬೋರ್ಡಿನ ದಟ್ಟ ಮೋಡ, ಅದರಡಿಯಲ್ಲಿ ಸೈಮನ್ ಗ್ಯಾಲಪ್ ಅವರ ಬೇಸ್ ಗಿಟಾರ್ ಭಾರವಾಗಿ ಹೆಜ್ಜೆಯಿಡುತ್ತಿತ್ತು. ಆ ಪೀಠಿಕೆ ಉದ್ದವಾದದ್ದು ಏಕೆಂದು ಅಂದು ತಿಳಿಯಿತು. ಆಟ ಶುರುವಾಗುವ ಮೊದಲು ಚೆಂಡೆ ಮದ್ದಳೆಗಳು ಕೇಳುಗನನ್ನು ಹದಕ್ಕೆ ತರುತ್ತವಲ್ಲ, ಹಾಗೆ.

ಈ ಆಲ್ಬಮ್‌ನ ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಸ್ಮಿತ್ ಅವರು ತೀರಿಕೊಂಡ ತಮ್ಮ ಅಣ್ಣನಿಗಾಗಿ ಬರೆದದ್ದು. ಪಿಯಾನೊದ ಕೆಲವೇ ಸ್ವರಗಳು ಮತ್ತೆ ಮತ್ತೆ ಬರುತ್ತವೆ, ಮಾತು ಬಹಳ ಕಡಿಮೆ. ಹೆಚ್ಚು ಅಲಂಕಾರವಿಲ್ಲದೆ ದುಃಖವನ್ನು ಅದರ ಪಾಡಿಗೆ ಬಿಟ್ಟಿದ್ದಾರೆ. ಅಂದು ಕೆಂಗೇರಿಯಲ್ಲಿ ಇಳಿದವನು ಪ್ಲಾಟ್‌ಫಾರ್ಮಿನಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಎರಡು ನಿಮಿಷ ಮಾತಾಡಿ ಇಟ್ಟ. ಅಷ್ಟು ಸಾಕಿತ್ತು. ಐದರಲ್ಲಿ ನನಗೆ ಅತಿ ಹೆಚ್ಚು ಬಾಳಿಕೆ ಬಂದದ್ದು ಇದೇ. ಬೆಳಗಿನ ಹೊತ್ತಿಗೆ ಹೊಂದುವುದಿಲ್ಲ, ಮಳೆಗಾಲದ ಸಂಜೆಗೆ ಇದಕ್ಕೆ ಸಾಟಿಯಿಲ್ಲ. ಅಗ್ಗದ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೀಬೋರ್ಡೂ ಗಿಟಾರೂ ಕಲೆಸಿ ಮುದ್ದೆಯಾಗುತ್ತವೆ. ತಂತಿಯ ಇಯರ್‌ಫೋನ್ ಹಾಕಿಕೊಂಡ ಮೇಲೆ ಪದರಗಳು ಬಿಡಿಬಿಡಿಯಾಗಿ ಕೇಳಿಸಿದವು.

ಇನ್ನುಳಿದ ಎರಡಕ್ಕೆ ಇನ್ನೂ ವರ್ಷ ತುಂಬಿಲ್ಲ, ಆರು ತಿಂಗಳ ಗಡಿಯನ್ನಂತೂ ದಾಟಿವೆ. ಹನುಮಾನ್‌ಕೈಂಡ್ ಅವರ ‘ಮಾನ್ಸೂನ್ ಸೀಸನ್’ 2025ರ ಜುಲೈನಲ್ಲಿ ಬಂತು. ಕೇರಳದ ಮಲಪ್ಪುರಂನಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿನ ವೇದಿಕೆಗಳಲ್ಲಿ ಪಳಗಿದವರು. ರ‍್ಯಾಪ್ ಹಾಡುವುದು ಇಂಗ್ಲಿಷಿನಲ್ಲಿ. ‘ಬಿಗ್ ಡಾಗ್ಸ್’ ವಿಡಿಯೊದಲ್ಲಿ ಮರಣಬಾವಿಯ ಗೋಡೆಗಳ ಮೇಲೆ ಬೈಕುಗಳು ಸುತ್ತುತ್ತಿದ್ದುದನ್ನು ಜಗತ್ತೆಲ್ಲ ನೋಡಿತು. ನಮ್ಮೂರ ಜಾತ್ರೆಯಲ್ಲಿ ಅದನ್ನು ನೋಡಿದ್ದ ನನಗೆ ಹಾಡಿಗಿಂತ ಆ ಹಲಗೆಗಳ ಅದುರುವಿಕೆಯೇ ಹೆಚ್ಚು ಹತ್ತಿರವಾಗಿತ್ತು. ‘ರನ್ ಇಟ್ ಅಪ್’ ಮಾತ್ರ ಬೇರೆಯೇ. ಅಲ್ಲಿ ಕೇರಳದ ಚೆಂಡೆಯನ್ನು ಮೇಲಿಂದ ಉದುರಿಸಿದ ಮಸಾಲೆಯಂತೆ ಬಳಸಿಲ್ಲ. ಚೆಂಡೆಯ ನಡೆಯೇ ಹಾಡಿನ ಬೆನ್ನುಮೂಳೆ, ಮಾತು ಅದಕ್ಕೆ ಅಂಟಿಕೊಂಡು ಓಡುತ್ತದೆ. ನನ್ನ ಐದು ವರ್ಷದ ಮಗಳು ಒಂದು ಸಲ ಕೇಳಿ ಅಕ್ಕಿಡಬ್ಬಿಯ ಮೇಲೆ ಎರಡು ಸೌಟು ಹಿಡಿದು ಅದನ್ನೇ ಬಾರಿಸತೊಡಗಿದಳು. ಪೆಟ್ಟು ತಪ್ಪಲಿಲ್ಲ. ಆದರೆ ಆಲ್ಬಮ್ ಇಡಿಯಾಗಿ ನೋಡಿದರೆ ಏಕಸೂತ್ರ ಸಾಲದು. ಹೊರಗಿನ ದೊಡ್ಡ ಹೆಸರುಗಳು ಬಂದ ಹಾಡುಗಳಲ್ಲಿ ಇವರ ಸ್ವಂತ ದನಿ ಸ್ವಲ್ಪ ಹಿಂದೆ ಸರಿಯುತ್ತದೆ.

ಇಂಥದ್ದನ್ನು ಕೇಳುವಾಗಲೆಲ್ಲ ಕನ್ನಡದ ರ‍್ಯಾಪ್ ಬಗ್ಗೆ ನನ್ನ ಹಸಿವು ಹೆಚ್ಚುತ್ತದೆ. ಎಂಸಿ ಬಿಜ್ಜು, ರಾಹುಲ್ ಡಿಟ್ಟೊ ಅಂಥವರು ಈ ದಾರಿಯಲ್ಲಿ ವರ್ಷಗಳಿಂದ ದುಡಿಯುತ್ತಿದ್ದಾರೆ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿಯುವ ಪದ್ಧತಿ ನಮ್ಮ ಕಾವ್ಯದಲ್ಲಿ ಸಾವಿರ ವರ್ಷದಿಂದ ಇದೆ. ಅದನ್ನು ತಾಳಕ್ಕೆ ಕೂಡಿಸಿ ಒಂದು ಇಡೀ ಆಲ್ಬಮ್ ಯಾರಾದರೂ ಮಾಡಿದರೆ, ಚಂದಾ ಅಲ್ಲ, ಮುಂಗಡ ಹಣವನ್ನೇ ಕಳಿಸುತ್ತೇನೆ.

ಕೊನೆಯದು ಕ್ಲಿಪ್ಸ್. ರ‍್ಯಾಪ್ ಹಾಡುವ, ಅಮೆರಿಕದ ವರ್ಜೀನಿಯಾದ ಅಣ್ಣತಮ್ಮಂದಿರು: ಅಣ್ಣ ಮ್ಯಾಲಿಸ್, ತಮ್ಮ ಪುಷಾ ಟಿ. ಅಣ್ಣ ದೈವಭಕ್ತಿಯ ದಾರಿ ಹಿಡಿದು ದೂರ ಸರಿದಿದ್ದರಿಂದ 2009ರ ನಂತರ ಇಬ್ಬರ ಹೊಸ ಆಲ್ಬಮ್ ಬಂದಿರಲಿಲ್ಲ. 2025ರ ಜುಲೈ 11ರಂದು ‘ಲೆಟ್ ಗಾಡ್ ಸಾರ್ಟ್ ಎಮ್ ಔಟ್’ ಬಂತು. ಸಂಗೀತ ಫ್ಯಾರೆಲ್ ವಿಲಿಯಮ್ಸ್ ಅವರದು. ಮುಂದಿನ ಹಾಡುಗಳಲ್ಲಿ ಬೀದಿಯಲ್ಲಿ ಮಾದಕವಸ್ತು ಮಾರುವ ಹಳೆಯ ವ್ಯಾಪಾರದ ಗತ್ತು ಬಹಳ ಇದೆ, ಒಮ್ಮೊಮ್ಮೆ ಅತಿಯಾಯಿತು ಅನ್ನಿಸುತ್ತದೆ. ಮೊದಲ ಹಾಡು ‘ದಿ ಬರ್ಡ್ಸ್ ಡೋಂಟ್ ಸಿಂಗ್’ಗೆ ಅದರ ಸೋಂಕಿಲ್ಲ. ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡ ತಂದೆತಾಯಿಯ ಮೇಲಿನ ಹಾಡು ಅದು. ತಮ್ಮ ಮೊದಲು ತಾಯಿಯ ಬಗ್ಗೆ ಹೇಳುತ್ತಾನೆ, ಕೊನೆಯ ದಿನಗಳಲ್ಲಿ ತಾನು ಗಮನಿಸದೆ ಹೋದ ಸೂಚನೆಗಳನ್ನೆಲ್ಲ ಎಣಿಸುತ್ತಾನೆ. ನಂತರ ಅಣ್ಣ ತಂದೆಯ ಬಗ್ಗೆ. ನಡುವೆ ಜಾನ್ ಲೆಜೆಂಡ್ ಹಾಡು. ದನಿ ಎಲ್ಲೂ ಒಡೆಯುವುದಿಲ್ಲ, ತಾಳ ಎಲ್ಲೂ ಜಾರುವುದಿಲ್ಲ. ಅಷ್ಟು ನೇರವಾಗಿ ಹೇಳಿದ್ದರಿಂದಲೇ ಕೇಳುವವರ ಎದೆ ಭಾರವಾಗುತ್ತದೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಣ್ಣನ ಕಾರಿನಲ್ಲಿ ಇಬ್ಬರೇ ಕೊಲ್ಲೂರಿಗೆ ಹೊರಟಿದ್ದೆವು. ಲಿಂಕಿನ್ ಪಾರ್ಕ್ ಹಾಕುವ ಧೈರ್ಯ ಆಗಲಿಲ್ಲ, ಈ ಹಾಡು ಹಾಕಿದೆ. ಅವನು ರ‍್ಯಾಪ್ ಕೇಳುವವನಲ್ಲ, ಇಂಗ್ಲಿಷ್ ಮಾತುಗಳೂ ಪೂರ್ತಿ ಸಿಗಲಿಲ್ಲ. ಯಾವ ಭಾಗ ಯಾರದು, ಯಾರ ಬಗ್ಗೆ ಎಂದು ನಾನು ವಿವರಿಸಿದೆ. ಹಾಡು ಮುಗಿದ ಮೇಲೆ ಒಂದೆರಡು ತಿರುವು ದಾಟುವವರೆಗೂ ಅವನು ಮಾತಾಡಲಿಲ್ಲ. ಆಮೇಲೆ, “ಅಮ್ಮನದ್ದು ಚಿಕ್ಕವನಿಗೆ, ಅಪ್ಪನದ್ದು ದೊಡ್ಡವನಿಗೆ. ಸರಿಯಾಗಿಯೇ ಪಾಲು ಮಾಡಿಕೊಂಡಿದ್ದಾರೆ” ಎಂದ.